ಸೀಗೇಕಟ್ಟೆಯ ಹನ್ನೊಂದು ಗುಡಿಸಲು

ಕಡೂರಿನ ತಾಲ್ಲೂಕು ಕಚೇರಿಯಿಂದ ಕೂಗಳತೆ ದೂರದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಸುಲೋಚನಮ್ಮನವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಈ ಕಾಲದಲ್ಲಿ ಟೈಪಿಂಗ್ ಕಲಿಯುವವರು ಯಾರಿದ್ದಾರೆ, ಬಾಗಿಲು ಯಾವಾಗ ಹಾಕುತ್ತೀರಿ ಎಂದು ಕೇಳುವವರು ಊರಿನಲ್ಲಿ ಹದಿನೈದು ವರ್ಷದಿಂದ ಇದ್ದಾರೆ. ಹಾಗೆ ಕೇಳಿದವರ ಪೈಕಿ ಇಬ್ಬರು ತಮ್ಮ ಅಂಗಡಿಗಳನ್ನೇ ಮುಚ್ಚಿಕೊಂಡು ಹೋದರು. ಸುಲೋಚನಮ್ಮ ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆಯುವುದನ್ನು ಮಾತ್ರ ಬಿಟ್ಟಿಲ್ಲ. ಆರು ಮೆಷಿನ್‌ಗಳಲ್ಲಿ ನಾಲ್ಕು ಈಗಲೂ ನಡೆಯುತ್ತವೆ, ಪಕ್ಕದಲ್ಲಿ ಎರಡು ಕಂಪ್ಯೂಟರ್ ಬಂದು ಕೂತಿವೆ, ಅರ್ಜಿ ಮತ್ತು ಕ್ರಯಪತ್ರ ಹೊಡೆಸಲು ಬರುವವರಿಗೆ ಒಂದು ಬೆಂಚು ಇದೆ.

ಹುಟ್ಟಿದ್ದು ಪಂಚನಹಳ್ಳಿಯಲ್ಲಿ. ಅಪ್ಪ ತೀರ್ಥಪ್ಪನವರಿಗೆ ತೆಂಗಿನ ತೋಟವಿತ್ತು, ಮಠದ ಭಕ್ತರಲ್ಲಿ ಒಳ್ಳೆಯ ಹೆಸರಿತ್ತು, ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿಯ ಆಚೆಗೆ ಕಾಲಿಡಬಾರದು ಎಂಬ ಹಟವೂ ಇತ್ತು. ಮಗಳು ಟೈಪಿಂಗ್ ಕಲಿಯಲು ಕಡೂರಿಗೆ ಹೋಗುತ್ತೇನೆ ಎಂದಾಗ ಅವರು ಮುಖ ಕೊಟ್ಟು ಮಾತಾಡಲಿಲ್ಲ. ಹದಿನೆಂಟರ ಹುಡುಗಿ ಅತ್ತು ಕರೆದು ಮಾಡಲಿಲ್ಲ. ಮುಂದಿನ ಸೋಮವಾರ ಅಪ್ಪನ ಜೊತೆ ಮಠಕ್ಕೆ ಹೋದಾಗ ಐವತ್ತು ಜನರ ಎದುರು ಎದ್ದು ನಿಂತು, ಬುದ್ಧಿ, ನಾನು ಟೈಪಿಂಗ್ ಕಲಿಯೋದು ತಪ್ಪಾ ಎಂದು ಸ್ವಾಮಿಗಳನ್ನೇ ಕೇಳಿಬಿಟ್ಟಳು. ಸ್ವಾಮಿಗಳು ನಕ್ಕು, ಕಳಿಸಪ್ಪಾ ತೀರ್ಥಪ್ಪ ಎಂದರು. ತೀರ್ಥಪ್ಪನವರು ಮನೆಯವರೆಗೂ ಮುಖ ಊದಿಸಿಕೊಂಡೇ ನಡೆದರು, ಆದರೆ ಮಂಗಳವಾರ ಬಸ್ ಚಾರ್ಜು ಕೊಟ್ಟರು.

ಆ ಬಸ್ಸಿನ ಕಂಡಕ್ಟರ್ ಶಿವಮೂರ್ತಪ್ಪ ಮುಂದೆ ಅವರ ಗಂಡನಾದರು. ಅದು ಹಿರಿಯರು ನಿಶ್ಚಯಿಸಿದ ಮದುವೆ ಎಂದು ಇಬ್ಬರೂ ಇವತ್ತಿಗೂ ವಾದಿಸುತ್ತಾರೆ. ಎರಡು ವರ್ಷ ಆ ಹುಡುಗಿಗೆ ಕಿಟಕಿ ಪಕ್ಕದ ಸೀಟು ಹೇಗೆ ಸಿಗುತ್ತಿತ್ತು ಎಂದು ಯಾರಾದರೂ ಕೇಳಿದರೆ ಇಬ್ಬರೂ ಬೇರೆ ಮಾತು ತೆಗೆಯುತ್ತಾರೆ.

ಸುಲೋಚನಮ್ಮನವರಿಗೆ ಕೋಪ ಮೂಗಿನ ತುದಿಯಲ್ಲೇ. ಅದು ಹೆಚ್ಚಾಗಿ ಬರುವುದು ಕಾಗದದ ವಿಷಯಕ್ಕೆ. ಒಮ್ಮೆ ಒಬ್ಬ ವಕೀಲರು ಕರಾರುಪತ್ರಕ್ಕೆ ಮೂರು ತಿಂಗಳ ಹಿಂದಿನ ತಾರೀಕು ಹಾಕಿ ಹೊಡೆಯಿರಿ ಎಂದಾಗ, ಮೆಷಿನ್ನಿನಿಂದ ಹಾಳೆಯನ್ನು ಎಳೆದು ಅವರ ಕೈಗೇ ಕೊಟ್ಟು, ಇವತ್ತಿನ ತಾರೀಕು ಬಿಟ್ಟರೆ ಬೇರೆ ತಾರೀಕು ನನ್ನ ಕೈಗೆ ಬರೋದಿಲ್ಲ ಎಂದಿದ್ದರು. ವಕೀಲರು ಆಮೇಲೆ ಒಂದು ವರ್ಷ ಆ ಮೆಟ್ಟಿಲು ಹತ್ತಲಿಲ್ಲ. ಇವರಿಗೇನೂ ಅದರಿಂದ ನಿದ್ದೆ ಕೆಡಲಿಲ್ಲ.

ಅಂಥವರು ಅಂತರ್ಜಾಲದ ವಿಶ್ವಕೋಶಕ್ಕೆ ಬಿದ್ದದ್ದೂ ಕೋಪದಿಂದಲೇ. ಒಂಬತ್ತು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಕಡೂರಿನ ಬಗ್ಗೆ ಅಲ್ಲಿ ಏನಿದೆ ಎಂದು ತೆರೆದು ತೋರಿಸಿದಳು. ಇದ್ದದ್ದು ಮೂರೇ ಸಾಲು, ಅದರಲ್ಲೂ ಒಂದು ತಪ್ಪು. ಯಾರು ಬೇಕಾದರೂ ತಿದ್ದಬಹುದು ಎಂದು ತಿಳಿದ ಕೂಡಲೇ ತಿದ್ದಿದರು. ಮರುದಿನ ಯಾರೋ ಅದನ್ನು ಮೊದಲಿನಂತೆ ಮಾಡಿದ್ದರು, ಆಧಾರ ಕೊಟ್ಟಿಲ್ಲ ಎಂಬ ಟಿಪ್ಪಣಿಯೊಂದಿಗೆ. ಸುಲೋಚನಮ್ಮ ಹಲ್ಲು ಕಚ್ಚಿ ಲೈಬ್ರರಿಗೆ ಹೋದರು, ಪುಸ್ತಕ ಹುಡುಕಿದರು, ಪುಟ ಸಂಖ್ಯೆ ಸಮೇತ ಮತ್ತೆ ಹಾಕಿದರು. ಈ ಸಲ ಯಾರೂ ಮುಟ್ಟಲಿಲ್ಲ. ಆ ನಿಯಮ ಅವರಿಗೆ ಬಹಳ ಹಿಡಿಸಿತು. ಎಮ್ಮೆಲ್ಲೆ ಹೇಳಲಿ, ಮೇಷ್ಟ್ರು ಹೇಳಲಿ, ದನ ಕಾಯುವವನು ಹೇಳಲಿ, ಅಚ್ಚಾದ ಆಧಾರವಿಲ್ಲದೆ ಒಂದು ಸಾಲೂ ನಿಲ್ಲುವುದಿಲ್ಲ. ಇಂಥ ನ್ಯಾಯ ತಾಲ್ಲೂಕು ಕಚೇರಿಯ ಎದುರು ನಲವತ್ತು ವರ್ಷ ಕೂತರೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅಂದಿನಿಂದ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ವಿಶ್ವಕೋಶಕ್ಕೆ ಮೀಸಲಾಯಿತು. ಸಂಬಳವಿಲ್ಲದ ಕೆಲಸಕ್ಕೆ ರಜೆಯೂ ಇಲ್ಲವಲ್ಲ ಎಂದು ಶಿವಮೂರ್ತಪ್ಪ ರೇಗಿಸಿದರೆ, ನೀವು ಕೊಡುತ್ತಿದ್ದ ಟಿಕೆಟ್‌ಗಿಂತ ಇದು ಗಟ್ಟಿ ಎನ್ನುತ್ತಿದ್ದರು.

ಹುಲಿಯಮ್ಮ ಬಂದದ್ದು ಹೋದ ವರ್ಷ ಶ್ರಾವಣದಲ್ಲಿ, ಅಂಥದ್ದೇ ಒಂದು ಮಧ್ಯಾಹ್ನ. ಎಮ್ಮೆದೊಡ್ಡಿ ಕಡೆಯ ಸೀಗೇಕಟ್ಟೆ ಎಂಬ ದನಗಾಹಿಗಳ ಹಟ್ಟಿಯ ಅಂಗನವಾಡಿ ಕಾರ್ಯಕರ್ತೆ. ವಯಸ್ಸು ನಲವತ್ತರ ಆಚೆ, ಹೆಗಲಲ್ಲಿ ಇಲಾಖೆಯ ಚೀಲ, ಕೈಯಲ್ಲಿ ಮಡಿಸಿದ ನಾಲ್ಕು ಹಾಳೆ. ಮೀಟಿಂಗ್ ಮುಗಿಸಿಕೊಂಡು ನೇರವಾಗಿ ಮಹಡಿ ಹತ್ತಿದ್ದಳು. ಒಂದು ಮನವಿಪತ್ರ ಟೈಪ್ ಮಾಡಿಸಬೇಕಿತ್ತು. ಸುಲೋಚನಮ್ಮ ಹಾಳೆ ಬಿಡಿಸಿದರು. ಮೇಲೆ ‘ವಿಶ್ವಕೋಶದ ಮಾನ್ಯ ಅಧಿಕಾರಿಗಳ ಸನ್ನಿಧಾನಕ್ಕೆ’ ಎಂದಿತ್ತು. ಕೆಳಗೆ ಐವತ್ತೆಂಟು ಮನೆಯವರ ಸಹಿ ಮತ್ತು ಹೆಬ್ಬೆಟ್ಟು.

ಸುಲೋಚನಮ್ಮನವರಿಗೆ ನಗು ತಡೆಯಲಾಗಲಿಲ್ಲ. ಹುಲಿಯಮ್ಮ ನಗಲಿಲ್ಲ. ಚೀಲದಿಂದ ಇಲಾಖೆಯ ಫೋನ್ ತೆಗೆದು ಹೊನ್ನಗುಂದಿಯ ಪುಟವನ್ನು ಮುಂದೆ ಹಿಡಿದಳು. ಹೊನ್ನಗುಂದಿ ಅವರ ಹಟ್ಟಿಗೆ ಎರಡು ಮೈಲಿ ದೂರದ ದೊಡ್ಡ ಊರು. ಅದರ ಬಗ್ಗೆ ಬರೆದ ಐದು ಸಾಲಿನಲ್ಲಿ ನಾಲ್ಕನೆಯದು ಹೀಗಿತ್ತು: ‘ಗ್ರಾಮದ ಪಶ್ಚಿಮಕ್ಕೆ ಜನವಸತಿಯಿಲ್ಲದ ಬೀಳು ಕಾವಲು ಇದೆ.’

“ಆ ಕಾವಲಲ್ಲೇ ನಾವಿರೋದು ಮೇಡಮ್ಮೋರೆ,” ಎಂದಳು ಹುಲಿಯಮ್ಮ. “ನಮ್ಮ ತಾತ, ಅವರ ತಾತ, ಎಲ್ಲಾ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದೋರು. ಯಾವನೋ ಕೂತ್ಕೊಂಡು ಜನ ಇಲ್ಲ ಅಂತ ಬರ್ದವನೆ.”

ಅಂಗನವಾಡಿಗೆ ಕುಡಿಯುವ ನೀರಿನ ನಲ್ಲಿ ಕೇಳಲು ಹೋದಾಗ ಕಚೇರಿಯ ಒಬ್ಬ ಹೊಸ ಹುಡುಗ ಕಂಪ್ಯೂಟರ್ ನೋಡಿ, ಅಲ್ಲಿ ಊರೇ ಇಲ್ಲವಂತಲ್ಲ ಎಂದು ನಕ್ಕನಂತೆ. ನಲ್ಲಿ ಆಮೇಲೆ ಬಂತು, ಅದಕ್ಕೇನೂ ತೊಂದರೆಯಾಗಲಿಲ್ಲ. ಆ ನಗು ಮಾತ್ರ ಅವಳಿಗೆ ಇಳಿಯಲಿಲ್ಲ. ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲವೂ ಹೊನ್ನಗುಂದಿಯ ಲೆಕ್ಕದಲ್ಲೇ ಇರುವುದರಿಂದ ಸೀಗೇಕಟ್ಟೆ ಎಂಬ ಹೆಸರು ಯಾವ ಕಾಗದದಲ್ಲೂ ಇಲ್ಲ ಎಂಬುದು ಅವಳಿಗೆ ಅವತ್ತೇ ಹೊಳೆದದ್ದು. ಹಟ್ಟಿಯವರನ್ನು ಸೇರಿಸಿ ಸಹಿ ಹಾಕಿಸಿದ್ದಳು.

ಸುಲೋಚನಮ್ಮನವರ ಸಿಟ್ಟು ನೆತ್ತಿಗೇರಿತು. ನೋಡದ ಊರಿನ ಬಗ್ಗೆ ಬರೆಯುವ ದರಿದ್ರ ಯಾರದು, ಮೈಗಳ್ಳ, ಕೂತಲ್ಲಿಂದ ಏಳದೆ ಊರನ್ನೇ ಅಳಿಸಿದ್ದಾನಲ್ಲ ಎಂದು ಬಾಯಿತುಂಬ ಬೈದರು. ಬೈಯುತ್ತಲೇ ಆ ಪುಟದ ಇತಿಹಾಸ ತೆರೆದರು. ವಿಶ್ವಕೋಶದಲ್ಲಿ ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಆ ಸಾಲಿನ ಎದುರು ಎಂಟು ವರ್ಷದ ಹಿಂದಿನ ತಾರೀಕು, ಪಕ್ಕದಲ್ಲಿ ಬರೆದವರ ಹೆಸರು: ಸುಲೋಚನಾ ಪಂಚನಹಳ್ಳಿ.

ಬೈಗುಳ ಅಲ್ಲಿಗೇ ನಿಂತಿತು. ನೆನಪಾಯಿತು. ಆ ವರ್ಷ ತಾಲ್ಲೂಕಿನ ಒಂದೊಂದೇ ಊರಿಗೆ ಪುಟ ಮಾಡುವ ಹುಮ್ಮಸ್ಸಿನಲ್ಲಿ, ಒಂದು ಹಳೆಯ ಕೈಪಿಡಿ ಮುಂದಿಟ್ಟುಕೊಂಡು ನೂರ ನಲವತ್ತು ಊರುಗಳನ್ನು ಎರಡು ತಿಂಗಳಲ್ಲಿ ಹೊಡೆದು ಹಾಕಿದ್ದರು. ಕೈಪಿಡಿಯಲ್ಲಿ ಜನವಸತಿ ಇಲ್ಲ ಎಂದಿತ್ತು, ಇವರೂ ಇಲ್ಲ ಎಂದು ಬರೆದಿದ್ದರು, ಪುಟ ಸಂಖ್ಯೆ ಕೊಟ್ಟಿದ್ದರು. ಪರದೆಯನ್ನು ಬೇರೆ ಕಡೆ ತಿರುಗಿಸಿ ಸುಮ್ಮನಾಗಿಬಿಡಬಹುದಿತ್ತು. ಹುಲಿಯಮ್ಮನಿಗೆ ಇತಿಹಾಸದ ಪುಟ ಓದಲು ಬರುತ್ತಿರಲಿಲ್ಲ.

“ಬರೆದೋಳು ನಾನೇ ಕಣಮ್ಮ,” ಎಂದರು ಸುಲೋಚನಮ್ಮ. “ಇಲ್ಲಿ ನೋಡು, ನನ್ನ ಹೆಸರು.”

ಹುಲಿಯಮ್ಮ ಹೆಸರನ್ನು ನೋಡಿದಳು, ಅವರ ಮುಖವನ್ನು ನೋಡಿದಳು. ಹಾಗಾದ್ರೆ ಅಳಿಸಿ ಎಂದಳು. ಸುಲೋಚನಮ್ಮ ಅಳಿಸಲಿಲ್ಲ. ತಪ್ಪೋ ಸರಿಯೋ, ಆ ಸಾಲಿಗೆ ಅಚ್ಚಾದ ಆಧಾರವಿದೆ. ಎದುರಾಗಿ ಇನ್ನೊಂದು ಅಚ್ಚಾದ ಆಧಾರವಿಲ್ಲದೆ ತಾನೇ ಅಳಿಸಿದರೂ ಯಾರಾದರೂ ಮತ್ತೆ ತಂದು ಕೂರಿಸುತ್ತಾರೆ. ವಿಶ್ವಕೋಶಕ್ಕೆ ಮಾನ್ಯ ಅಧಿಕಾರಿಗಳು ಯಾರೂ ಇಲ್ಲ, ಸನ್ನಿಧಾನವೂ ಇಲ್ಲ, ಐವತ್ತೆಂಟು ಸಹಿಗೆ ಅಲ್ಲಿ ಬೆಲೆಯೂ ಇಲ್ಲ ಎಂದು ಬಿಡಿಸಿ ಹೇಳಿದರು. ಸೀಗೇಕಟ್ಟೆಗೆ ಬೇರೆ ಪುಟ ಬೇಕು, ಆಧಾರ ಹುಡುಕಬೇಕು, ಕೂತು ಬರೆಯಬೇಕು. ಪ್ರಾಯಶ್ಚಿತ್ತಕ್ಕೆಂದು ತಾವೇ ಬರೆದುಕೊಡುತ್ತೇನೆ ಎಂದೂ ಹೇಳಿದರು.

“ನೀವು ಒಂದ್ಸಲ ಬರ್ದಿದ್ದು ಸಾಕು,” ಎಂದಳು ಹುಲಿಯಮ್ಮ. “ಹೆಂಗೆ ಬರೀಬೇಕು ತೋರ್ಸಿ. ನಾನೇ ಬರೀತೀನಿ.”

ಇಷ್ಟು ವರ್ಷದಲ್ಲಿ ಆ ಮಹಡಿಯ ಮೇಲೆ ಸುಲೋಚನಮ್ಮನವರಿಗೆ ಹೀಗೆ ಎದುರು ಹೇಳಿದವರು ಇರಲಿಲ್ಲ. ಅವರಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಕುರ್ಚಿ ಎಳೆದು ಕೂರಿಸಿಕೊಂಡರು.

ಆಮೇಲಿನ ಆರು ವಾರ ಬುಧವಾರ ಬುಧವಾರ ಹುಲಿಯಮ್ಮ ಬಂದಳು. ಖಾತೆ ತೆರೆದದ್ದಾಯಿತು, ಬರೆಯುವವಳು ಅದೇ ಊರಿನವಳು ಎಂದು ಅವಳ ಪುಟದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಸಿದ್ದೂ ಆಯಿತು. ಹುಲಿಯಮ್ಮ ಮೊದಲು ಬರೆದುಕೊಂಡು ಬಂದದ್ದು ಥೇಟ್ ಮನವಿಯೇ. ‘ನಮ್ಮ ಊರು ಬಹಳ ಒಳ್ಳೆಯ ಊರು, ಜನ ನೀತಿವಂತರು’ ಎಂದು ಶುರುವಾಗಿ ‘ಇಂತಿ ತಮ್ಮ ವಿಧೇಯಳು’ ಎಂದು ಮುಗಿಯುತ್ತಿತ್ತು. ಸುಲೋಚನಮ್ಮ ಕೆಂಪು ಪೆನ್ನು ಹಿಡಿದರು. ಒಳ್ಳೆಯ ಊರು ಎಂದು ನೀನು ಹೇಳಬೇಡ, ಓದಿದವರು ಹೇಳಿಕೊಳ್ಳಲಿ. ನೀತಿವಂತರು ಎನ್ನುವುದಕ್ಕೆ ಆಧಾರ ಎಲ್ಲಿ? ಇಲ್ಲಿ ಯಾರೂ ವಿಧೇಯರಲ್ಲ, ತೆಗಿ. ಹುಲಿಯಮ್ಮ ಮೊಂಡಾಟ ಮಾಡುತ್ತಲೇ ಕಲಿತಳು. ಸುಲೋಚನಮ್ಮ ಗುಡುಗಿದರೆ ಸುಮ್ಮನೆ ಕೇಳಿಸಿಕೊಂಡು, ಗುಡುಗು ನಿಂತ ಮೇಲೆ ತನ್ನ ಪ್ರಶ್ನೆಯನ್ನೇ ಮತ್ತೆ ಕೇಳುತ್ತಿದ್ದಳು. ಕೊನೆಗೆ ಹತ್ತು ಸಾಲಿನ ಒಂದು ಸ್ವಚ್ಛವಾದ ಲೇಖನ ನಿಂತಿತು. ಕಟ್ಟೆ ಎಲ್ಲಿದೆ, ದಾರಿ ಯಾವುದು, ಐವತ್ತೆಂಟು ಮನೆ, ನಾನೂರ ಹನ್ನೆರಡು ದನ. ಆ ಬೇಸಿಗೆಯಲ್ಲಿ ದನಗಣತಿಯವರು ಬಂದಾಗ ಹುಲಿಯಮ್ಮ ಅವರ ಜೊತೆ ಮನೆಮನೆ ತಿರುಗಿ ತನ್ನ ನೋಟ್‌ಬುಕ್ಕಿನಲ್ಲೂ ಬರೆದುಕೊಂಡಿದ್ದಳು. ಆಧಾರಗಳ ಜಾಗ ಮಾತ್ರ ಇನ್ನೂ ತೆಳ್ಳಗಿತ್ತು. ಹುಡುಕಿ ತುಂಬೋಣ ಎಂದುಕೊಂಡು ಪ್ರಕಟಿಸಿದರು.

ಮೂರನೆಯ ದಿನ ಪುಟದ ನೆತ್ತಿಯ ಮೇಲೆ ಕೆಂಪು ಪಟ್ಟಿ ಬಂತು. ಏಳು ದಿನದೊಳಗೆ ಸರಿಯಾದ ಆಧಾರ ಸಿಗದಿದ್ದರೆ ಈ ಲೇಖನವನ್ನು ಅಳಿಸಲಾಗುವುದು. ಹಾಕಿದವರು ಸಮದರ್ಶಿ ಎಂಬ ಹೆಸರಿನಲ್ಲಿ ಬರೆಯುವ ಒಬ್ಬ ಹಳೆಯ ಸಂಪಾದಕರು. ಯಾರೋ, ಎಲ್ಲಿಯವರೋ, ಸುಲೋಚನಮ್ಮ ಕಂಡವರಲ್ಲ. ಚರ್ಚೆಯ ಪುಟದಲ್ಲಿ ಅವರು ಬರೆದಿದ್ದರು: ಇದೇ ವರ್ಷದ ದನಗಣತಿಯ ಕೈಪಿಡಿ ಅಚ್ಚಾಗಿದೆ, ಅದರಲ್ಲಿ ಹೊನ್ನಗುಂದಿ ಕಾವಲಿನ ದನ ನಾನೂರ ಎಪ್ಪತ್ತು, ಲೇಖನದಲ್ಲಿ ನಾನೂರ ಹನ್ನೆರಡು, ಅಲ್ಲಿ ಮನೆಗಳಿವೆ ಎನ್ನಲು ಎಲ್ಲೂ ಆಧಾರವಿಲ್ಲ, ಇಲ್ಲ ಎನ್ನಲು ಇದೆ, ಅಂಕಿಯನ್ನೇ ಕಲ್ಪಿಸಿಕೊಂಡವರು ಊರನ್ನೂ ಕಲ್ಪಿಸಿಕೊಂಡಿರಬಹುದು.

ಸುಲೋಚನಮ್ಮನವರಿಗೆ ಆ ಕೊನೆಯ ಮಾತು ಮುಳ್ಳಿನಂತೆ ಚುಚ್ಚಿತು. ಆದರೂ ಆಧಾರ ಕೇಳಿದ್ದು ತಪ್ಪಲ್ಲ, ಅವರ ಜಾಗದಲ್ಲಿ ತಾವಿದ್ದರೂ ಕೇಳುತ್ತಿದ್ದರು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಸರ್ಕಾರದ ಪುಸ್ತಕದಲ್ಲಿ ಕಾವಲಿನ ದನಗಳಿವೆ, ಒಂದೊಂದನ್ನೂ ಎಣಿಸಿದ್ದಾರೆ, ಕಿವಿಗೆ ಓಲೆ ಹಾಕಿದ್ದಾರೆ. ಆ ದನಗಳನ್ನು ಬೆಳಿಗ್ಗೆ ಬಿಟ್ಟು ಸಂಜೆ ಕಟ್ಟುವವರು ಮಾತ್ರ ಇಲ್ಲ. ಈ ಅನ್ಯಾಯಕ್ಕೆ ಎಂಟು ವರ್ಷದ ಹಿಂದೆ ತಾವೂ ಒಂದು ಸಾಲು ಸೇರಿಸಿದ್ದು ನೆನೆದು ಅವರಿಗೆ ನಾಚಿಕೆಯಾಯಿತು. ಆದರೂ ಎರಡು ಅಂಕಿಗಳು ಹೊಂದುತ್ತಿಲ್ಲ ಎಂಬುದು ನಿಜ. ಒಂದು ಚೀಟಿಯ ಮೇಲೆ ಕಳೆದು ನೋಡಿದರು. ಐವತ್ತೆಂಟು ಬಂತು. ಸೀಗೇಕಟ್ಟೆಯ ಮನೆಗಳೂ ಐವತ್ತೆಂಟು.

ಕೂಡಲೇ ಹುಲಿಯಮ್ಮನಿಗೆ ಫೋನ್ ಮಾಡಿದರು. ನಿಮ್ಮೂರಲ್ಲಿ ಮನೆಗೊಂದು ದನ ಬಚ್ಚಿಟ್ಟಿದ್ದೀರೇನಮ್ಮ ಎಂದು ನೇರವಾಗಿಯೇ ಕೇಳಿದರು.

“ಬಚ್ಚಿಟ್ಟಿಲ್ಲ ಮೇಡಮ್ಮೋರೆ,” ಎಂದಳು ಹುಲಿಯಮ್ಮ. “ಒಂದು ಬಿಟ್ಟು ಹೇಳೀವಿ. ದನದ ಲೆಕ್ಕ ಪೂರಾ ಹೇಳ್ಬಾರ್ದು. ಪೂರಾ ಅಂದ್ರೆ ಮುಗೀತು ಅಂತ.”

ವಿಷಯ ಹೀಗಿತ್ತು. ಸೀಗೇಕಟ್ಟೆಯಲ್ಲಿ ಯಾರೇ ಬಂದು ನಿಮ್ಮ ಮನೆಯಲ್ಲಿ ದನ ಎಷ್ಟು ಎಂದು ಕೇಳಿದರೂ ಒಂದು ಕಡಿಮೆ ಹೇಳುತ್ತಾರೆ. ಎಂಟಿದ್ದರೆ ಏಳು, ಏಳಿದ್ದರೆ ಆರು. ಬಿಟ್ಟ ಆ ಒಂದು ಲೆಕ್ಕಕ್ಕೆ ಸಿಗದೆ ಹೊರಗೆ ನಿಂತು ಕೊಟ್ಟಿಗೆಯನ್ನು ಕಾಯುತ್ತದೆ ಎಂಬುದು ಅವರ ನಂಬಿಕೆ. ಗಣತಿಯವರು ಕೊಟ್ಟಿಗೆಗೇ ಹೋಗಿ ಎಣಿಸಿಕೊಂಡರು. ಹುಲಿಯಮ್ಮ ಬಾಗಿಲಲ್ಲಿ ನಿಂತು ಕೇಳಿ, ಮನೆಯವರು ಹೇಳಿದ್ದನ್ನು ಬರೆದುಕೊಂಡಳು. ಹೇಳಿದವರಿಗೂ ಬರೆದವಳಿಗೂ ಅದು ತಪ್ಪು ಎಂದು ಅನಿಸಿರಲೇ ಇಲ್ಲ.

ಅದು ತಪ್ಪು ಅಂಕಿ, ಈಗಲೇ ತಿದ್ದು ಎಂದರು ಸುಲೋಚನಮ್ಮ. ಆಗುವುದಿಲ್ಲ ಎಂದಳು ಹುಲಿಯಮ್ಮ. ವಿಶ್ವಕೋಶದಲ್ಲಿ ನಂಬಿಕೆಗೆ ಜಾಗವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು ಎಂದು ಇವರು ಗದರಿದರು. ನನ್ನ ಕೊಟ್ಟಿಗೆಯಲ್ಲಿ ಗಬ್ಬದ ಹಸು ಇದೆ, ನೂರು ಸಲ ಹೇಳಿದರೂ ಪೂರಾ ಅಂಕಿ ನನ್ನ ಕೈಯಲ್ಲಿ ಬರುವುದಿಲ್ಲ ಎಂದು ಅವಳು ಅಷ್ಟೇ ಗಟ್ಟಿಯಾಗಿ ಹೇಳಿದಳು. ಹಾಗಾದರೆ ನಿನ್ನ ಊರು ಹೋಗುತ್ತದೆ ನೋಡು ಎಂದು ಸುಲೋಚನಮ್ಮ ಫೋನ್ ಕುಕ್ಕಿದರು. ಊಟದ ಹೊತ್ತಿನಲ್ಲೂ ಮುಖ ಗಂಟು ಹಾಕಿಕೊಂಡೇ ಇದ್ದರು. ಇದನ್ನೆಲ್ಲ ಕೇಳಿಸಿಕೊಂಡಿದ್ದ ಶಿವಮೂರ್ತಪ್ಪನವರಿಗೆ ಒಳಗೊಳಗೇ ಖುಷಿ.

“ಮಠದಲ್ಲಿ ಎದ್ದು ನಿಂತೋಳು ನೀನೊಬ್ಬಳೇ ಅಂದ್ಕೊಂಡಿದ್ದೆ ಕಣೇ,” ಎಂದರು. “ಇನ್ನೊಬ್ಬಳು ಸಿಕ್ಕಿದ್ಲು ಬಿಡು.”

ಸುಲೋಚನಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಬೆಳಿಗ್ಗೆ ಎದ್ದು ಕಡೂರಿನ ಲೈಬ್ರರಿಯಲ್ಲಿ ಹುಡುಕಿದರು. ಮರುದಿನ ಬಸ್ಸು ಹತ್ತಿ ತರೀಕೆರೆಗೆ ಹೋಗಿ ಅಲ್ಲಿಯೂ ಹಳೆಯ ಕಪಾಟುಗಳನ್ನೆಲ್ಲ ಜಾಲಾಡಿದರು. ಸೀನು ಹತ್ತಿತೇ ಹೊರತು ಸೀಗೇಕಟ್ಟೆಯ ಹೆಸರು ಸಿಗಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದಾಗ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲೆ ಹುಲಿಯಮ್ಮ ಕೂತಿದ್ದಳು. ಏಳು ದಿನದಲ್ಲಿ ನಾಲ್ಕು ಕಳೆದಿತ್ತು.

ಜಗಳದ ಮಾತನ್ನು ಇಬ್ಬರೂ ಎತ್ತಲಿಲ್ಲ. ಹುಲಿಯಮ್ಮ ಒಂದು ಸುದ್ದಿ ತಂದಿದ್ದಳು. ಅವಳು ಚಿಕ್ಕವಳಿದ್ದಾಗ ಹಟ್ಟಿಯ ದನಗಳಿಗೆ ಸೂಜಿ ಹಾಕಲು ಬರುತ್ತಿದ್ದ ಪಶು ಆಸ್ಪತ್ರೆಯ ಕಾಂಪೌಂಡರ್ ಕೆಂಚಪ್ಪ ಪ್ರತಿ ಸಲವೂ ಲೆಕ್ಕದ ವಿಷಯಕ್ಕೆ ಜಗಳವಾಡುತ್ತಿದ್ದನಂತೆ. ನಿಮ್ಮ ಜನ ಸುಳ್ಳು ಹೇಳೋದು ಇವತ್ತು ನಿನ್ನೆಯದಲ್ಲ, ಹಳೇ ಪುಸ್ತಕದಲ್ಲೇ ಅಚ್ಚಾಗಿದೆ ಎಂದು ಬೈಯುತ್ತಿದ್ದನಂತೆ. ಆ ಬೈಗುಳ ಅವಳಿಗೆ ನಿನ್ನೆ ನೆನಪಾಗಿತ್ತು. ಕೆಂಚಪ್ಪ ಈಗ ಅಜ್ಜಂಪುರದಲ್ಲಿದ್ದಾನೆ, ಎಂಬತ್ತು ದಾಟಿದೆ, ಇನ್ನೂ ಗಟ್ಟಿಯಾಗಿದ್ದಾನೆ ಎಂಬುದನ್ನೂ ವಿಚಾರಿಸಿಕೊಂಡು ಬಂದಿದ್ದಳು.

ಬೆಳಿಗ್ಗೆ ಬೀರೂರಿಗೆ ಹೋಗಿ ಅಲ್ಲಿಂದ ಅಜ್ಜಂಪುರದ ಬಸ್ಸು ಹಿಡಿದರು. ಕೆಂಚಪ್ಪನವರು ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಸೀಗೇಕಟ್ಟೆ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಆ ಸುಳ್ಳುಬುರುಕರ ಊರಾ ಎಂದರು. ನಾನು ಆ ಊರಿನವಳೇ ಎಂದಳು ಹುಲಿಯಮ್ಮ. ಮುದುಕರಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ. ಒಳಗೆ ಹೋಗಿ ಒಂದು ಟ್ರಂಕಿನ ಮುಚ್ಚಳ ತೆಗೆದರು. ನೌಕರಿಯಲ್ಲಿದ್ದಾಗ ಒಂದು ರದ್ದಿ ಅಂಗಡಿಯಲ್ಲಿ ಕಂಡು ಎತ್ತಿಕೊಂಡು ಬಂದಿದ್ದ, ಮಹಾರಾಜರ ಕಾಲದ ಜಾನುವಾರು ತನಿಖೆಯ ವರದಿಗಳು ಅದರಲ್ಲಿದ್ದವು. ರಟ್ಟು ಹಾಕಿದ ಅಚ್ಚಿನ ಪುಸ್ತಕಗಳು. ಬೇಕಾದ ಪುಟಕ್ಕೆ ಒಂದು ಹಳೆಯ ಬಸ್ ಟಿಕೆಟ್ ಸಿಕ್ಕಿಸಿಟ್ಟಿದ್ದರು. ಕನ್ನಡಕ ಏರಿಸಿ, ಜಯಿಸಿದ ಮೊಕದ್ದಮೆಯ ತೀರ್ಪು ಓದುವವರಂತೆ ಗಟ್ಟಿಯಾಗಿ ಓದಿದರು.

‘ಸದರಿ ಕಾವಲಿನ ಸೀಗೇಕಟ್ಟೆಯ ದನಗಾಹಿಗಳು ಸುಳ್ಳು ಹೇಳುವ ಚಾಳಿಯವರು. ಹನ್ನೊಂದು ಗುಡಿಸಲುಗಳಲ್ಲಿ ವಿಚಾರಿಸಲಾಗಿ, ಪ್ರತಿಯೊಂದು ಗುಡಿಸಲಿನವರೂ ತಲಾ ಒಂದು ರಾಸನ್ನು ಕಮ್ಮಿ ಹೇಳಿರುತ್ತಾರೆ. ಇವರ ಮಾತಿನ ಮೇಲೆ ಭರವಸೆ ಇಡತಕ್ಕದ್ದಲ್ಲ.’ ಪುಟ ನಲವತ್ತೊಂದು. ಅಚ್ಚಾದ ವರ್ಷ ಸಾವಿರದ ಒಂಬೈನೂರ ಮೂವತ್ತಾರು.

ಸುಲೋಚನಮ್ಮ ಆ ಸಾಲುಗಳನ್ನು ತಾವೇ ಇನ್ನೊಮ್ಮೆ ಓದಿದರು. ಊರಿನ ಹೆಸರಿದೆ, ಗುಡಿಸಲುಗಳ ಸಂಖ್ಯೆ ಇದೆ, ಜನರಿದ್ದಾರೆ, ಅಚ್ಚಾಗಿದೆ. ಇದಕ್ಕಿಂತ ಗಟ್ಟಿ ಆಧಾರ ಬೇರೆ ಬೇಕಿರಲಿಲ್ಲ. ಆ ಸಂತೋಷದಲ್ಲೇ ತಿರುಗಿ ನೋಡಿದರೆ ಹುಲಿಯಮ್ಮನ ಮುಖ ಬಿಗಿದುಕೊಂಡಿತ್ತು. ಆಗ ಅವರಿಗೆ ಅರ್ಥವಾಯಿತು. ಈ ಜನ ಇದ್ದರು ಎಂದು ಹೇಳುವ ಒಂದೇ ಒಂದು ಪುಟ, ಅವರನ್ನು ಸುಳ್ಳರು ಎಂದು ಹೇಳುತ್ತಿದೆ. ಇದನ್ನು ಹಾಕಿದರೆ ಊರು ಉಳಿಯುತ್ತದೆ, ಬೈಗುಳವೂ ಉಳಿಯುತ್ತದೆ, ಇಡೀ ಪ್ರಪಂಚ ಓದುವ ಜಾಗದಲ್ಲಿ. ಐವತ್ತೆಂಟು ಮನೆಯವರಿಗೆ ಹುಲಿಯಮ್ಮ ಏನೆಂದು ಹೇಳಬೇಕು? ಒಂದು ಸಲ ಈ ಊರನ್ನು ಅಳಿಸಿದವಳು ತಾನು, ಎರಡನೆಯ ಸಲ ಅವಮಾನ ಮಾಡುವುದು ಬೇಡ ಎನಿಸಿತು ಅವರಿಗೆ. ಪುಸ್ತಕವನ್ನು ಮುಚ್ಚಲು ಕೈ ಚಾಚಿದರು. ಬಿಡು ಹುಲಿಯಮ್ಮ, ಇನ್ನೂ ಎರಡು ದಿನ ಇದೆ, ಬೇರೆ ಎಲ್ಲಾದರೂ ಹುಡುಕೋಣ ಎಂದರು.

ಹುಲಿಯಮ್ಮ ಪುಸ್ತಕದ ಮೇಲೆ ಅಂಗೈ ಇಟ್ಟಳು. ಮುಚ್ಚಲು ಬಿಡಲಿಲ್ಲ.

“ಇಲ್ಲದೋರ್ನ ಯಾರಾದ್ರೂ ಬಯ್ತಾರಾ ಮೇಡಮ್ಮೋರೆ?” ಎಂದಳು. “ಇವ್ನು ಬಿಸಿಲಲ್ಲಿ ನಮ್ಮ ಹಟ್ಟಿಗೆ ಬಂದವನೆ, ಹನ್ನೊಂದು ಬಾಗ್ಲು ತಟ್ಟವನೆ, ನಮ್ಮೋರು ಹನ್ನೊಂದು ಸಲವೂ ಅವನಿಗೆ ಪೂರಾ ಲೆಕ್ಕ ಕೊಟ್ಟಿಲ್ಲ. ಅದಕ್ಕೆ ಉರ್ಕೊಂಡು ಬರ್ದವನೆ. ಹಾಕಿ. ಸುಳ್ಳು ಅಂದಿದ್ದನ್ನೂ ಸೇರ್ಸೇ ಹಾಕಿ.”

ಕೆಂಚಪ್ಪನವರು ಕನ್ನಡಕದ ಮೇಲಿಂದ ಅವಳನ್ನೇ ನೋಡಿದರು. ಅವರು ಇಷ್ಟು ವರ್ಷ ಜೋಪಾನವಾಗಿಟ್ಟುಕೊಂಡಿದ್ದ ಸಾಕ್ಷಿ ಅವರ ಕಣ್ಣೆದುರೇ ಪಕ್ಷ ಬದಲಾಯಿಸಿತ್ತು. ಆದರೂ ಮುದುಕರು ದೊಡ್ಡ ಮನಸ್ಸಿನವರು. ಫೋಟೊ ತೆಗೆದುಕೊಳ್ಳಲು ಪು‌ಸ್ತಕವನ್ನು ಜಗುಲಿಯ ಬೆಳಕಿಗೆ ತಂದು ತಾವೇ ಹಿಡಿದುಕೊಂಡು ನಿಂತರು. ಹೆಸರಿನ ಪುಟ, ವರ್ಷದ ಪುಟ, ನಲವತ್ತೊಂದನೆಯ ಪುಟ, ಮೂರನ್ನೂ ಹುಲಿಯಮ್ಮ ತನ್ನ ಫೋನಿನಲ್ಲಿ ತೆಗೆದಳು.

ಅವತ್ತೇ ಕಡೂರಿಗೆ ಬಂದು ಕೂತರು. ಗುಡಿಸಲುಗಳ ಸಂಖ್ಯೆಯನ್ನಷ್ಟೇ ತೆಗೆದುಕೊಳ್ಳೋಣ, ಬೈಗುಳ ಬಿಡೋಣ ಎಂದು ಸುಲೋಚನಮ್ಮ ಇನ್ನೊಂದು ಸಲ ಹೇಳಿ ನೋಡಿದರು. ಹುಲಿಯಮ್ಮ ಒಪ್ಪಲಿಲ್ಲ. ಬೇಕಾದ್ದನ್ನು ಹೆಕ್ಕಿ ಬೇಡದ್ದನ್ನು ಬಿಡಬಾರದು ಅಂತ ನೀವೇ ತಾನೇ ಹೇಳಿಕೊಟ್ಟಿದ್ದು ಎಂದಳು. ಇಡೀ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದಳು, ಯಾರು ಹೇಳಿದ್ದು ಎಂದು ಬರೆದಳು. ದನಗಳ ಅಂಕಿಯ ಪಂಚಾಯಿತಿಗೂ ಅಲ್ಲಿಯೇ ದಾರಿ ಸಿಕ್ಕಿತು. ನಾನೂರ ಹನ್ನೆರಡನ್ನು ಅವಳೇ ತೆಗೆದಳು. ಆ ಜಾಗದಲ್ಲಿ ‘ದನಗಣತಿಯ ಕೈಪಿಡಿಯ ಪ್ರಕಾರ’ ಎಂದು ಬರೆದು ಕೈ ಎತ್ತಿದಳು. ಅದು ಸರ್ಕಾರದವರ ಬಾಯಿ, ನನ್ನ ಬಾಯಲ್ಲ, ಆದರೂ ಆ ಮೂರು ಅಂಕಿ ನೀವೇ ಒತ್ತಿ ಎಂದಳು. ಸುಲೋಚನಮ್ಮ ನಾಲ್ಕು, ಏಳು, ಸೊನ್ನೆ ಒತ್ತುವಾಗ ಹುಲಿಯಮ್ಮ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

ಚರ್ಚೆಯ ಪುಟದಲ್ಲಿ ಸಮದರ್ಶಿಯವರಿಗೆ ಉತ್ತರವನ್ನೂ ಅವಳೇ ಬರೆದಳು. ಸುಲೋಚನಮ್ಮ ಒಂದಕ್ಷರ ತಿದ್ದಲಿಲ್ಲ. ‘ನಾನು ಸೀಗೇಕಟ್ಟೆಯವಳು. ನಾನು ಬರೆದ ಅಂಕಿಯಲ್ಲಿ ಮನೆಗೊಂದು ದನ ಕಮ್ಮಿ ಇತ್ತು. ನಮ್ಮಲ್ಲಿ ಪೂರ್ತಿ ಹೇಳುವುದಿಲ್ಲ. ಅದು ವಿಶ್ವಕೋಶಕ್ಕೆ ಆಗುವುದಿಲ್ಲ ಎಂದು ತಿಳಿದ ಮೇಲೆ ತೆಗೆದಿದ್ದೇನೆ. ಊರನ್ನು ಕಲ್ಪಿಸಿಕೊಂಡಿಲ್ಲ. ಆಧಾರ ಕೊಟ್ಟಿದ್ದೇನೆ, ಫೋಟೊ ಹಾಕಿದ್ದೇನೆ. ಕ್ಷಮೆ ಕೇಳುವುದಿಲ್ಲ.’

ಒಂದು ದಿನ ಏನೂ ಬರಲಿಲ್ಲ. ಸುಲೋಚನಮ್ಮ ಅರ್ಜಿ ಹೊಡೆಯುತ್ತಾ ನಡುನಡುವೆ ಪುಟ ತೆರೆದು ನೋಡುತ್ತಿದ್ದರು, ಎರಡು ಅರ್ಜಿಗಳಲ್ಲಿ ತಪ್ಪು ಮಾಡಿದರು. ಏಳನೆಯ ದಿನ ಮಧ್ಯಾಹ್ನ ಸಮದರ್ಶಿಯವರು ಬರೆದರು. ಮೂರೂ ಪುಟ ನೋಡಿದೆ, ಆಧಾರ ಸಾಕು, ಲೇಖನ ಉಳಿಯಲಿ. ಊರನ್ನು ಕಲ್ಪಿಸಿಕೊಂಡಿರಬಹುದು ಎಂಬ ನನ್ನ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಕೆಂಪು ಪಟ್ಟಿ ಹೋಗಿತ್ತು.

ಇನ್ನು ಉಳಿದದ್ದು ಹೊನ್ನಗುಂದಿಯ ಪುಟದ ಆ ನಾಲ್ಕನೆಯ ಸಾಲು. ಈಗ ಅದನ್ನು ತೆಗೆಯಲು ಯಾವ ಅಡ್ಡಿಯೂ ಇರಲಿಲ್ಲ. ಬರೆದ ಕೈಯೇ ಅಳಿಸಲಿ ಎಂದು ಸುಲೋಚನಮ್ಮ ಪುಟ ತೆರೆದರು. ತೆರೆದರೆ ಆ ಸಾಲು ಅಲ್ಲಿರಲಿಲ್ಲ. ‘ಗ್ರಾಮದ ಪಶ್ಚಿಮದ ಕಾವಲಿನಲ್ಲಿ ಸೀಗೇಕಟ್ಟೆ ಎಂಬ ದನಗಾಹಿಗಳ ಊರಿದೆ’ ಎಂದಿತ್ತು. ಇತಿಹಾಸ ತೆರೆದು ನೋಡಿದರು. ಎಂಟು ನಿಮಿಷದ ಹಿಂದೆ, ಸೀಗೇಕಟ್ಟೆಯ ಅಂಗನವಾಡಿಯಲ್ಲಿ ಕೂತು ಹುಲಿಯಮ್ಮ ಒಬ್ಬಳೇ ಮಾಡಿದ್ದಳು. ಏನು ಬದಲಾಯಿಸಿದೆ, ಯಾಕೆ ಎಂದು ಚುಟುಕಾಗಿ ಬರೆಯುವ ಜಾಗವನ್ನು ಖಾಲಿ ಬಿಡಬಾರದು ಎಂದು ಸುಲೋಚನಮ್ಮನವರೇ ಹತ್ತು ಸಲ ಹೇಳಿಕೊಟ್ಟಿದ್ದರು. ಖಾಲಿ ಬಿಟ್ಟಿರಲಿಲ್ಲ.

‘ಸುಲೋಚನಾ ಪಂಚನಹಳ್ಳಿ ಬರೆದದ್ದು ತಪ್ಪು. ಪುಟ 41 ನೋಡಿ. ನಾವಿದ್ದೀವಿ.’

ಹೀಗೆ ಇನ್ನೊಬ್ಬರ ಹೆಸರು ಹಿಡಿದು ಬರೆಯುವುದು ಅಲ್ಲಿನ ರೀತಿಯಲ್ಲ. ನಾವು ಎಂದು ಬರೆಯುವುದಂತೂ ಕೂಡದು. ಇನ್ನು ಎಷ್ಟು ವರ್ಷ ಕಳೆದರೂ, ಯಾರು ಬಂದು ಆ ಇತಿಹಾಸ ತೆರೆದರೂ, ಆ ತಪ್ಪಿನ ಪಕ್ಕದಲ್ಲಿ ಅವರ ಹೆಸರು ಇದ್ದೇ ಇರುತ್ತದೆ. ಸುಲೋಚನಮ್ಮ ಅದನ್ನು ಮತ್ತೊಮ್ಮೆ ಓದಿದರು. ಅವರ ಕಣ್ಣು ತುಂಬಿತ್ತು, ನಗುವೂ ಬಂದಿತ್ತು. ಆ ಸಾಲಿನ ತುದಿಯಲ್ಲಿ, ಬದಲಾವಣೆ ಮಾಡಿದವರಿಗೆ ಧನ್ಯವಾದ ಹೇಳಲು ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರು.